ಕರಗ್ಸೋದು ಸುಲಭ ಐತ್ರಿ, ಆರ್ಸೋದೇ ಕಷ್ಟ

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಬಿಸಿಲು 42 ಡಿಗ್ರಿ ದಾಟಿ ನಾಯಿಗಳೂ ಚರಂಡಿಯ ತಂಪು ಹುಡುಕುವ ಹೊತ್ತಿನಲ್ಲಿ, ಫೀಸು ಕೊಟ್ಟು ಬೆಂಕಿಯ ಮುಂದೆ ಕೂರುವವರಿಗೆ ಏನನ್ನಬೇಕು? ಗಾಜಿನ ಕಡ್ಡಿಯನ್ನು ಗ್ಯಾಸ್ ಟಾರ್ಚಿನ ಉರಿಯಲ್ಲಿ ಕರಗಿಸಿ ಮಣಿ, ಎಲೆ, ಮೀನು ಮಾಡುವ ವಿದ್ಯೆ ಕಲಿಯಲು ಹೊರಟವರಿಗೆ ಮನೆಯಲ್ಲಿ ಸಿಗುವ ಮೊದಲ ಆಶೀರ್ವಾದ, "ಹೊರಗಿನ ಉರಿ ಸಾಲಂಗಿಲ್ಲೇನು ನಿನಗ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಲಿಯಲು ಕುಳಿತ ಮೇಲೆ ತಿಳಿಯುತ್ತದೆ, ಗಾಜನ್ನು ಕರಗಿಸುವುದು ಯಾರಿಗಾದರೂ ಬೇಗ ಬರುತ್ತದೆ. ಅದನ್ನು ಒಡೆಯದಂತೆ ಆರಿಸುವುದು ಬರುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ.

ಬೇಸಿಗೆಯಲ್ಲಿ ತರಗತಿ ಬೆಳಿಗ್ಗೆ ಆರಕ್ಕೇ ಶುರುವಾಗಬೇಕು. ತಲೆಯ ಮೇಲಿನ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಉರಿ ಓಲಾಡುತ್ತದೆ, ಮಣಿಯ ಒಂದು ಮಗ್ಗುಲು ಮೊದಲೇ ತಣ್ಣಗಾಗಿ ಸೀಳುತ್ತದೆ. ಮೇಜಿನ ಎದುರು ಗೋಡೆಯಲ್ಲಿ ಎಗ್ಸಾಸ್ಟ್ ಫ್ಯಾನ್, ಬೆನ್ನ ಹಿಂದೆ ತೆರೆದ ಕಿಟಕಿ. ಗಾಳಿ ಬೆನ್ನಿನ ಕಡೆಯಿಂದ ನಿಧಾನಕ್ಕೆ ಬಂದು, ಉರಿಯ ಹೊಗೆಯನ್ನು ಎತ್ತಿಕೊಂಡು ಹೊರಗೆ ಹೋಗಬೇಕು. ನೆಲದ ವಿಷಯದಲ್ಲಿ ಈ ಸೀಮೆಯವರು ಪುಣ್ಯವಂತರು. ಕಾದ ಗಾಜು ಕೈಜಾರಿದರೆ ಬೇರೆ ಊರಿನ ವಿನೈಲ್ ನೆಲ ಸುಟ್ಟು ತೂತಾಗುತ್ತದೆ; ನಮ್ಮ ಶಹಾಬಾದ್ ಫರಸಿಯ ಮೇಲೆ ಚಟ್ಟನೆ ಒಡೆದು ಚದುರುತ್ತದೆ, ಗುಡಿಸಿದರಾಯಿತು. ಮೇಜಿಗೂ ಅದೇ ಕಲ್ಲು ನಡೆಯುತ್ತದೆ. ಆದರೆ ಅದು ಸುಣ್ಣದಕಲ್ಲು, ಉರಿ ನೇರ ತಾಗಿದರೆ ಚಕ್ಕೆ ಎದ್ದು ಸಿಡಿಯಬಹುದು, ಹಾಗಾಗಿ ಟಾರ್ಚಿನ ಮುಂದೆ ಒಂದು ಉಕ್ಕಿನ ತಗಡು ಇರಲಿ. ಮೈಮೇಲೆ ಹತ್ತಿಯ ಬಟ್ಟೆ, ಕೂದಲು ಬಿಗಿಯಾಗಿ ಕಟ್ಟಿರಬೇಕು. ನೈಲಾನ್ ಓಢಣಿ ಎಷ್ಟೇ ಚೆಂದ ಇದ್ದರೂ ಬಾಗಿಲ ಹೊರಗಿನ ಮೊಳೆಗೆ.

ಸಿಲಿಂಡರ್ ಕೋಣೆಯ ಹೊರಗೆ, ನೆರಳಿನಲ್ಲಿ, ನೆಟ್ಟಗೆ ನಿಂತಿರಬೇಕು. ಅಡುಗೆಮನೆಯ 14.2 ಕಿಲೋದ ಕೆಂಪು ಸಿಲಿಂಡರ್ ಈ ಕೆಲಸಕ್ಕೆ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಂಡು ಕೂರುತ್ತದೆ. ನೆಲಮಾಳಿಗೆಯಲ್ಲಿ ಈ ಕೆಲಸ ಇಟ್ಟುಕೊಳ್ಳಬಾರದು. ಜಾಯಿಂಟುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡುವುದು ಪದ್ಧತಿ. ಕಡ್ಡಿ ಗೀರಿ ಸೋರಿಕೆ ಹುಡುಕುವ ಧೈರ್ಯಶಾಲಿಗಳಿಂದ ದೂರ ಇರುವುದು ಒಳ್ಳೆಯದು. ಆಕ್ಸಿಜನ್ನಿಗೆ, ಗಾಳಿಯಿಂದಲೇ ಅದನ್ನು ಸೋಸಿ ಕೊಡುವ ಕಾನ್ಸಂಟ್ರೇಟರ್ ಸಾಕಾಗುತ್ತದೆ. ಕೊರೊನಾ ಕಾಲದಲ್ಲಿ ಕೊಂಡು ಆಮೇಲೆ ಮಂಚದ ಕೆಳಗೆ ಸೇರಿಸಿದ, ನಿಮಿಷಕ್ಕೆ ಐದು ಲೀಟರಿನ ಯಂತ್ರವೇ ಸಣ್ಣ ಟಾರ್ಚಿಗೆ ನಡೆಯುತ್ತದೆ, ನಮ್ಮೂರ ಧೂಳಿಗೆ ಅದರ ಫಿಲ್ಟರನ್ನು ಮಾತ್ರ ಮೇಲಿಂದ ಮೇಲೆ ಜಾಡಿಸಬೇಕು. ಆಕ್ಸಿಜನ್ ಸಿಲಿಂಡರನ್ನೇ ಇಟ್ಟುಕೊಂಡವರು ರೆಗ್ಯುಲೇಟರಿಗೆ ಎಣ್ಣೆಯ ಕೈ ತಾಗಿಸಕೂಡದು. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸೇರಿದರೆ ಕಿಡಿಯೇ ಬೇಕಿಲ್ಲ, ತಾನೇ ಹೊತ್ತಿಕೊಳ್ಳಬಹುದು.

ಹಚ್ಚುವಾಗ ಮೊದಲು ಗ್ಯಾಸ್, ಆಮೇಲೆ ಆಕ್ಸಿಜನ್. ಆರಿಸುವಾಗ ಮೊದಲು ಆಕ್ಸಿಜನ್, ಆಮೇಲೆ ಗ್ಯಾಸ್. ಬರೀ ಗ್ಯಾಸಿನ ಉರಿ ಹಳದಿಯಾಗಿ ಮಸಿ ಕಾರುತ್ತದೆ. ಆಕ್ಸಿಜನ್ ಸೇರಿಸುತ್ತ ಹೋದಂತೆ ಟಾರ್ಚಿನ ಬಾಯಲ್ಲಿ ಚೂಪಾದ ನೀಲಿ ಮೊನೆಗಳು ಸಾಲಾಗಿ ಮೂಡುತ್ತವೆ. ಅವು ಅರ್ಧ ಸೆಂಟಿಮೀಟರಿನಷ್ಟಾಗಿ ಸ್ಪಷ್ಟವಾಗಿ ನಿಂತರೆ ಹದ ಸರಿ. ಆಕ್ಸಿಜನ್ ಕಡಿಮೆಯಾದರೆ ಸೇಡು ತೀರಿಸಿಕೊಳ್ಳುವುದು ಬಣ್ಣ: ತಾಮ್ರದ ಅಂಶವಿರುವ ವೈಡೂರ್ಯ ನೀಲಿಯ ಮೇಲೆ ಇಟ್ಟಿಗೆ ಕೆಂಪು ಪೊರೆ ಬರುತ್ತದೆ. ಅದೇ ಬೇಕೆಂದು ಮಾಡಿದರೆ ಕಲೆ, ಬೇಡದೆ ಬಂದರೆ "ಗ್ಯಾಸ್ ಹೆಚ್ಚಾತ್ರಿ, ನೋಡ್ಕೋರಿ."

ಕಣ್ಣಿಗೆ ಡಿಡಿಮಿಯಂ ಕನ್ನಡಕ ಬೇಕು. ಗಾಜಿನೊಳಗಿನ ಸೋಡಿಯಂ ಕಾದಾಗ 589 ನ್ಯಾನೊಮೀಟರಿನ ಹಳದಿ ಬೆಳಕು ಉಗುಳುತ್ತದೆ, ಅದರ ಹಿಂದೆ ಮಣಿ ಕಾಣುವುದೇ ಇಲ್ಲ. ಈ ಕನ್ನಡಕ ಮುಖ್ಯವಾಗಿ ಆ ಹಳದಿಯನ್ನೇ ಸೋಸುತ್ತದೆ. ಹಾಕಿಕೊಂಡ ಕೂಡಲೇ ಉರಿ ಪಾರದರ್ಶಕವಾಗಿ, ಕರಗುವ ಗಾಜಿನ ಅಂಚು ನಿಚ್ಚಳವಾಗುತ್ತದೆ. ಪ್ರಯೋಗಾಲಯದ ಪಾತ್ರೆಗೆ ಬಳಸುವ ಗಟ್ಟಿ ಬೊರೊಸಿಲಿಕೇಟ್ ಗಾಜಿಗೆ ಇನ್ನೂ ಕಪ್ಪು ಕನ್ನಡಕ ಬೇಕು, ಆ ವಿಷಯ ಸದ್ಯ ಬಿಡೋಣ. ಕಲಿಕೆಗೆ ಮೆತ್ತನೆ ಸೋಡಾ ಗಾಜೇ ಸರಿ.

ಇನ್ನು ಮಣಿ. ಸುಮಾರು 2.4 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸರಳಿನ ತುದಿಯ ನಾಲ್ಕೈದು ಸೆಂಟಿಮೀಟರನ್ನು ಬೀಡ್ ರಿಲೀಸ್ ಎಂಬ ಜೇಡಿಯಂಥ ಲೇಪದಲ್ಲಿ ಅದ್ದಿ ಒಣಗಿಸುತ್ತಾರೆ. ಲೇಪವಿಲ್ಲದಿದ್ದರೆ ಗಾಜು ಉಕ್ಕಿಗೆ ಅಂಟಿ ಜನ್ಮಕ್ಕೂ ಬಿಡುವುದಿಲ್ಲ. ಸರಳಿಗೆ ಎಣ್ಣೆಯ ಜಿಡ್ಡಿದ್ದರೆ ಲೇಪ ಹಿಡಿಯದು, ಒಳಗೆ ಹಸಿ ಉಳಿದಿದ್ದರೆ ಉರಿಯಲ್ಲಿ ಹಾರಿಹೋಗುತ್ತದೆ. ಬಲಗೈಯಲ್ಲಿ ಐದಾರು ಮಿಲಿಮೀಟರಿನ ಗಾಜಿನ ಕಡ್ಡಿ. ಅದನ್ನು ನೇರ ಉರಿಗೆ ಒಡ್ಡಿದರೆ ಟಕ್ಕೆಂದು ತುಂಡು ಹಾರುತ್ತದೆ. ಉರಿಯ ದೂರದ ತುದಿಯಲ್ಲಿ ಆಚೀಚೆ ಬೀಸುತ್ತ, ಸ್ವಲ್ಪ ಸ್ವಲ್ಪವೇ ಹತ್ತಿರ ತರಬೇಕು. ತುದಿಯಲ್ಲಿ ಕಡಲೆಕಾಳಿನಷ್ಟು ಗಾಜು ಎಳೆಪಾಕದ ಬೆಲ್ಲದಂತೆ ಇಳಿಯತೊಡಗಿದಾಗ, ಲೇಪದ ಸರಳನ್ನೂ ಮಂದ ಕೆಂಪಾಗುವಂತೆ ಕಾಯಿಸಿ, ಗಾಜನ್ನು ತಾಗಿಸಿ, ಸರಳನ್ನು ಮೈಯಿಂದ ಆಚೆಗೆ ತಿರುಗಿಸುತ್ತ ಸುತ್ತಿಕೊಳ್ಳಬೇಕು. ಸರಳು ತಣ್ಣಗಿದ್ದರೆ ಗಾಜು ಹಿಡಿಯದೆ ಲೇಪವನ್ನೇ ಕಿತ್ತುಕೊಂಡು ಬರುತ್ತದೆ.

ಆಮೇಲಿನ ಕೆಲಸ ಗಾಜಿನದು. ಸರಳು ಮಟ್ಟಸವಾಗಿ, ಬಿಡದೆ ತಿರುಗುತ್ತಿದ್ದರೆ ಮೇಲ್ಮೈ ಎಳೆತ ತಾನೇ ಗುಂಡಗೆ ಮಾಡುತ್ತದೆ. ನಿಲ್ಲಿಸಿದರೆ ಜೋತು ಬೀಳುತ್ತದೆ. ಮಣಿಯ ಎರಡು ತುದಿಯೂ ತೂತಿನ ಕಡೆಗೆ ಒಳಸರಿದು ಸಣ್ಣ ಕುಳಿಯಾಗಬೇಕು. ಕಡಿಮೆ ಗಾಜನ್ನು ಅಗಲಕ್ಕೆ ಹರಡಿದವರಿಗೆ ಆ ಕುಳಿ ಬರುವುದಿಲ್ಲ, ತುದಿ ಗರಗಸವಾಗಿ ದಾರ ಕತ್ತರಿಸುತ್ತದೆ. ಹೊಸಬರ ಮಣಿ ನೋಡುವವರು ಬಣ್ಣ ನೋಡುವ ಮುಂಚೆ ಈ ತುದಿಗೆ ಉಗುರು ಆಡಿಸುವುದು ಅದಕ್ಕೇ. ನನ್ನ ಮಟ್ಟಿಗೆ, ಒಂದು ತಿಂಗಳು ಹೂವು ಚುಕ್ಕಿ ಬಿಟ್ಟು ಬರೀ ಒಂದೇ ಬಣ್ಣದ ಗುಂಡು ಮಣಿ ಮಾಡಿಸುವ ಗುರುವೇ ಒಳ್ಳೆಯ ಗುರು. ಕಲಿಯುವವರು ಇದನ್ನು ಒಪ್ಪುವುದಿಲ್ಲ.

ಕೆಂಪಗೆ ಕಾದ ಗಾಜನ್ನು ಯಾರೂ ಮುಟ್ಟುವುದಿಲ್ಲ. ಬೆರಳು ಸುಡುವುದು ಕೆಂಪು ಇಳಿದ ಗಾಜು. 300 ಡಿಗ್ರಿಯಲ್ಲೂ ಅದು ತಣ್ಣಗಿರುವ ಗಾಜಿನ ಹಾಗೇ ಕಾಣುತ್ತದೆ. ಅದಕ್ಕಾಗಿ ಕಾದ ಕಡ್ಡಿಗಳ ತುದಿ ಯಾವಾಗಲೂ ನಮ್ಮಿಂದ ಆಚೆ ಮುಖ ಮಾಡಿ ಸ್ಟ್ಯಾಂಡಿನ ಮೇಲಿರಬೇಕು. ಸುಟ್ಟರೆ ನಲ್ಲಿಯ ತಣ್ಣೀರಿನಡಿ 20 ನಿಮಿಷ. ಟೂತ್‌ಪೇಸ್ಟ್ ಹಲ್ಲಿಗೆ, ಅರಿಶಿನ ಪಲ್ಯಕ್ಕೆ.

ಈಗ ತಣಿಸುವ ಮಾತು. ಉರಿಯಿಂದ ತೆಗೆದ ಮಣಿಯ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗು ಇನ್ನೂ ಕುಗ್ಗುತ್ತಿರುತ್ತದೆ. ಆ ಎಳೆದಾಟ ಒಳಗೇ ಉಳಿದರೆ ಮಣಿ ಅಂದೇ ಒಡೆಯಬೇಕೆಂದಿಲ್ಲ. ವಾರ ಬಿಟ್ಟು, ಡಬ್ಬಿಯಲ್ಲಿ ಸುಮ್ಮನೆ ಮಲಗಿದ್ದಾಗ ಎರಡು ಹೋಳಾಗುತ್ತದೆ. ಮನೆಯವರು ಬೆಕ್ಕನ್ನು ಬೈಯುತ್ತಾರೆ. ಮೆತ್ತನೆ ಗಾಜಿನ ಮಣಿಯನ್ನು ಬಿಸಿ ಇರುವಾಗಲೇ ಸುಮಾರು 515 ಡಿಗ್ರಿಯ ಕಿಲ್ನ್, ಅಂದರೆ ಕರೆಂಟಿನ ಕುಲುಮೆಯ ಒಳಗಿಟ್ಟು, ಕೊನೆಯ ಮಣಿ ಸೇರಿದ ಮೇಲೆ ಅರ್ಧದಿಂದ ಒಂದು ಗಂಟೆ ಅದೇ ಬಿಸಿಯಲ್ಲಿ ಬಿಟ್ಟು, ಗಂಟೆಗೆ 60 ಡಿಗ್ರಿಯಂತೆ 400ರ ಕೆಳಗೆ ಇಳಿಸಿ, ಆಮೇಲೆ ಸ್ವಿಚ್ ಆರಿಸಿ ಬಾಗಿಲು ತೆರೆಯದೆ ಬಿಡಬೇಕು. ಮಣಿ ದಪ್ಪ ಎರಡರಷ್ಟಾದರೆ ಹೊತ್ತು ಸುಮಾರು ನಾಲ್ಕರಷ್ಟು ಬೇಕು. "ಹೊರಗೇ ಇಷ್ಟು ಝಳ ಐತಲ್ಲ, ತಾನೇ ನಿಧಾನ ಆರ್ತೈತಿ ಬಿಡ್ರಿ" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. 500ರಿಂದ ಕೆಳಗೆ ಬರುವ ಗಾಜಿಗೆ ಕಲಬುರಗಿಯ 44 ಡಿಗ್ರಿ ಬಿಸಿಲೂ ಚಳಿಗಾಲವೇ.

ಕರೆಂಟ್ ಹೋದರೆ? ಕಾನ್ಸಂಟ್ರೇಟರ್ ನಿಂತು ಉರಿ ಹಳದಿಗೆ ತಿರುಗುತ್ತದೆ. ಗ್ಯಾಸ್ ಮುಚ್ಚಿ, ಕೈಯಲ್ಲಿರುವ ಮಣಿಯನ್ನು ವರ್ಮಿಕ್ಯುಲೈಟ್ ತುಂಬಿದ ಪಾತ್ರೆಯಲ್ಲಿ ಆಳಕ್ಕೆ ಹೂಳಬೇಕು. ನರ್ಸರಿಯಲ್ಲಿ ಗಿಡಕ್ಕೆ ಕೊಡುವ ಹಗುರ ಹರಳು ಅದು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಉತ್ತಮ. ಹಾಗೆ ಆರಿದ ಮಣಿಯನ್ನು ಇನ್ನೊಂದು ದಿನ ತಣ್ಣನೆ ಕಿಲ್ನ್‌ನಲ್ಲಿಟ್ಟು ನಿಧಾನ 515ಕ್ಕೆ ಏರಿಸಿ ಮತ್ತೆ ಇಳಿಸಬಹುದು. ಕಿಲ್ನ್‌ನ ಬಾಗಿಲನ್ನಂತೂ ಕರೆಂಟ್ ಬರುವವರೆಗೆ ಯಾರೂ ಇಣುಕಿ ನೋಡಬಾರದು. ಒಳಗಿನ ಇಟ್ಟಿಗೆಯ ಕಾವೇ ಆಗ ಆಸರೆ.

ಈ ವಿದ್ಯೆಯಲ್ಲಿ ತಾಳ್ಮೆಯ ತುತ್ತತುದಿ ನೋಡಬೇಕೆಂದರೆ ಜರ್ಮನಿಯ ಡ್ರೆಸ್ಡೆನ್ ಬಳಿ ಕೆಲಸ ಮಾಡಿದ ಲಿಯೊಪೋಲ್ಡ್ ಮತ್ತು ರುಡಾಲ್ಫ್ ಬ್ಲಾಶ್ಕಾ ಎಂಬ ತಂದೆ-ಮಗನನ್ನು ನೆನೆಯಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ 1887ರಿಂದ 1936ರವರೆಗೆ ಗಾಜಿನಲ್ಲಿ ಹೂವು, ಎಲೆ, ಕಾಯಿಗಳ ಸಾವಿರಾರು ಮಾದರಿ ಮಾಡಿದರು. ತಂದೆ 1895ರಲ್ಲಿ ತೀರಿಕೊಂಡ ಮೇಲೆ ಮಗ ಒಬ್ಬನೇ ನಲವತ್ತು ವರ್ಷ ಮುಂದುವರಿಸಿದ. ಕೆಲವು ದಳಗಳು ಎಷ್ಟು ತೆಳ್ಳಗಿವೆಯೆಂದರೆ ಗಾಜೆಂದು ನಂಬಲಾಗದು.

ನಮ್ಮಲ್ಲಿ ಹೊಸಬರ ಆಸೆ ಇಷ್ಟು ದೂರ ಹೋಗುವುದಿಲ್ಲ, ಬಳೆಯ ಹತ್ತಿರ ನಿಲ್ಲುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡು ಒಡೆದ ಬಳೆಚೂರುಗಳ ಡಬ್ಬಿ ಹಿಡಿದು, "ಅಕ್ಕಾರ, ಇದ್ರಾಗ ಮಣಿ ಮಾಡಾಕ ಬರ್ತದೇನ್ರೀ?" ಎಂದು ಬರುತ್ತಾರೆ. ಬರುತ್ತದೆ, ಒಂದು ಷರತ್ತಿನ ಮೇಲೆ. ಕೊಂಡ ಕಡ್ಡಿಯ ಕಟ್ಟಿನ ಮೇಲೆ 104 ಎಂಬ ಅಂಕೆ ಇದ್ದರೆ, ಒಂದು ಡಿಗ್ರಿ ಕಾದಾಗ ಆ ಗಾಜು ಕೋಟಿಯಲ್ಲಿ 104 ಭಾಗ ಹಿಗ್ಗುತ್ತದೆ ಎಂದರ್ಥ, ಬೊರೊಸಿಲಿಕೇಟಿನದು 33. ಬಳೆಗೆ ಅಂಥ ಅಂಕೆ ಇರುವುದಿಲ್ಲ. ಹೆಚ್ಚು ಹಿಗ್ಗುವುದನ್ನು ಕಡಿಮೆ ಹಿಗ್ಗುವುದಕ್ಕೆ ಬೆಸೆದರೆ ಎಷ್ಟು ನಿಧಾನ ಆರಿಸಿದರೂ ಸೀಳುತ್ತದೆ, ಕಿಲ್ನ್‌ಗೆ ಅಂಥ ಮದುವೆ ಉಳಿಸುವ ಶಕ್ತಿ ಇಲ್ಲ. ಪರೀಕ್ಷೆ ಸರಳ. ಎರಡೂ ಗಾಜಿನ ಚೂರನ್ನು ಅಕ್ಕಪಕ್ಕ ಬೆಸೆದು, ಕಾಯಿಸಿ, ಎರಡು ಚಿಮಟಿಗೆಯಿಂದ ಒಂದು ಅಡಿಯಷ್ಟು ಸಣ್ಣ ಎಳೆ ಎಳೆಯಬೇಕು. ಆರಿದ ಮೇಲೂ ಎಳೆ ನೆಟ್ಟಗಿದ್ದರೆ ಹೊಂದಾಣಿಕೆ ಇದೆ. ಬಾಗಿದರೆ ಬಾಗಿನ ಒಳಮಗ್ಗುಲಿನ ಗಾಜು ಹೆಚ್ಚು ಕುಗ್ಗುವ ಜಾತಿಯದು, ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕುವುದೇ ಸರಿ. ಎಳೆ ಎಳೆಯುವಷ್ಟು ವ್ಯವಧಾನ ಇಲ್ಲದವರು ಒಂದೇ ಬಳೆಯ ಚೂರುಗಳಿಂದ ಒಂದು ಮಣಿ ಮಾಡಿಕೊಳ್ಳಲಿ. ಮೇಲಿನ ಬಂಗಾರದ ಬಣ್ಣವನ್ನು ಮೊದಲು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಅದು ಉರಿಯಲ್ಲಿ ಬೂದುಗಲೆಯಾಗಿ ಗಾಜಿನೊಳಗೇ ಕೂತುಬಿಡುತ್ತದೆ.