ಮಯೂರನ ಸಿಟ್ಟಿಗೆ ನಾಯಕಿಯ ತಾಳ್ಮೆ ಯಾಕೆ ಬಲಿ?

ರಾತ್ರಿ ಪಾತ್ರೆ ತೊಳೆದಿಟ್ಟು, ಮಲಗೋ ಮುಂಚೆ ಮೊಬೈಲಿನಲ್ಲಿ ಎರಡು ಕಂತು ಐತಿಹಾಸಿಕ ಪ್ರೇಮಕಥೆ ಓದುವುದು ನನ್ನ ಚಟ. ಯಾರು ನಕ್ಕರೂ ಬಿಡುವವಳಲ್ಲ. ಆದರೆ ಈ ಕಥೆಗಳ ಜೊತೆ ನನ್ನದೊಂದು ಜಗಳವಿದೆ. ನಾಯಕನಿಗೆ ಹಗೆ. ಅಪ್ಪನನ್ನು ಕೊಂದವನ ಮಗಳನ್ನೇ ಹೊತ್ತು ತಂದು ಕೋಟೆಯಲ್ಲಿ ಕೂಡಿಹಾಕುತ್ತಾನೆ. ನಾಯಕಿ ಸಹನಾಮೂರ್ತಿ. ನಲವತ್ತು ಕಂತು ಬೈಸಿಕೊಂಡು, ನಲವತ್ತೊಂದರಲ್ಲಿ ಅವನ ಗಾಯಕ್ಕೆ ಸೊಪ್ಪು ಅರೆದು ಹಚ್ಚುತ್ತಾಳೆ. ಅವನು ಕರಗಿಬಿಡುತ್ತಾನೆ. ನಮ್ಮಜ್ಜಿ ಇದ್ದಿದ್ದರೆ "ಕರಗೋಕೆ ಅವನೇನು ಬೆಣ್ಣೆನಾ?" ಅಂತಿದ್ದಳು.

ಸೇಡಿನ ನಾಯಕನೇ ಬೇಕು ಅಂದರೆ ಬನವಾಸಿಯ ಕದಂಬ ರಾಜ್ಯ ಕಟ್ಟಿದ ನಮ್ಮ ಮಯೂರಶರ್ಮ ಇಲ್ಲವೇ? ಸಿನಿಮಾ ನೋಡಿ ಬೆಳೆದವರಿಗೆಲ್ಲ ಅವನು ಗೊತ್ತು. ನನಗೆ ಅವನ ಹುಚ್ಚು ಹತ್ತಿದ್ದು ಮಾತ್ರ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮುಂದೆ ನಿಂತಾಗ. ಐದನೇ ಶತಮಾನದ ಸಂಸ್ಕೃತ ಶಾಸನ. ಬರೆದ ಕವಿ ಕುಬ್ಜ. ನೆಪ, ಮಯೂರನ ಮರಿಮಗ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಅದರ ಹಿಂದೆ ಇಡೀ ಕದಂಬ ವಂಶದ ಕಥೆ.

ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಆಗಿನ ವಿದ್ಯಾಪೀಠಕ್ಕೆ, ಓದಲು ಹೋದ ಹುಡುಗ ಮಯೂರ. ಅಲ್ಲಿ ಕಂಚಿ ಆಳುತ್ತಿದ್ದ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳ, ಅವಮಾನ. ದರ್ಭೆ, ಸಮಿತ್ತು, ತುಪ್ಪ ಹಿಡಿದು ಪಳಗಿದ ಕೈ ಕತ್ತಿಯನ್ನು ಹಿರಿಯಿತು ಅನ್ನುತ್ತಾನೆ ಕುಬ್ಜ. ಎಂಥ ಸಾಲು! ಗಡಿ ಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ (ಈಗಿನ ಶ್ರೀಶೈಲ) ಕಾಡು ಹಿಡಿದು, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ವಸೂಲಿಗೆ ಇಳಿದ ಮಯೂರ.

ಸೇಡು ಮುಗಿದದ್ದು ಹೇಗೆ ಗೊತ್ತಾ? ಕಂಚಿ ಸುಡಲಿಲ್ಲ. ಇವನನ್ನು ಬಗ್ಗಿಸುವುದು ಕಷ್ಟ ಅಂತ ಪಲ್ಲವರು ಸ್ನೇಹಕ್ಕೆ ಬಂದರು, ಇವನು ಅವರ ಪರವಾಗಿ ಕಾದಾಡಿ ಮೆಚ್ಚಿಸಿದ, ಕೊನೆಗೆ ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡ. ಆ ಕೈಗಳನ್ನು 'ಕರಪಲ್ಲವ', ಅಂದರೆ ಚಿಗುರಿನಂಥ ಕೈ, ಅಂತ ಕರೆದು ಕವಿ ಶ್ಲೇಷೆ ಬೇರೆ ಮಾಡಿದ್ದಾನೆ. ಅಂದರೆ ನಾಯಕಿ ಸೊಪ್ಪು ಅರೆಯುವ ಅಗತ್ಯವೇ ಬೀಳಲಿಲ್ಲ. ಎದುರಾಳಿಗೂ ತನ್ನಷ್ಟೇ ಬಲವಿದೆ ಅಂತ ಇಬ್ಬರಿಗೂ ಗೊತ್ತಾದಾಗ ಸಿಟ್ಟು ತಾನಾಗಿ ಇಳಿಯಿತು. ನಮ್ಮ ಕಾದಂಬರಿಕಾರರು ನಾಯಕಿಗೆ ಈ ಬಲವನ್ನು ಯಾಕೆ ಕೊಡುವುದಿಲ್ಲ ಅನ್ನುವುದೇ ನನ್ನ ತಕರಾರು.

ಮಯೂರನ ಹೆಂಡತಿಯ ಹೆಸರು ಆ ಕಂಬದಲ್ಲಿಲ್ಲ. ಹೆಣ್ಣುಮಕ್ಕಳು ಬರುವುದು ಅವನ ಮರಿಮಗ ಕಾಕುಸ್ಥನ ವರ್ಣನೆಯಲ್ಲಿ. ಗುಪ್ತರೇ ಮೊದಲಾದ ರಾಜಕುಲಗಳೆಂಬ ತಾವರೆಗಳನ್ನು ಈ ಸೂರ್ಯ ತನ್ನ ಹೆಣ್ಣುಮಕ್ಕಳೆಂಬ ಕಿರಣಗಳಿಂದ ಅರಳಿಸಿದನಂತೆ. ಚಂದದ ರೂಪಕ, ಆದರೆ ಒಂದು ಕಿರಣಕ್ಕೂ ಹೆಸರಿಲ್ಲ. ಬನವಾಸಿಯ ಹುಡುಗಿ ಗುಪ್ತರ ಮನೆಗೆ ಸೊಸೆಯಾಗಿ ಹೋದಾಗ ಊಟಕ್ಕೆ ಏನು ಮಾಡಿದಳೋ, ಯಾವ ಭಾಷೆಯಲ್ಲಿ ಅತ್ತಳೋ. ತಾಳ್ಮೆ ಅಂದರೆ ಅದು. ಅದನ್ನು ಬಿಟ್ಟು, ಬೈಯುವ ಗಂಡಸಿನೆದುರು ತಲೆ ತಗ್ಗಿಸುವುದಕ್ಕೆ ತಾಳ್ಮೆಯ ಹೆಸರು ಯಾಕೆ?

"ಇಷ್ಟೆಲ್ಲ ಮಾತಾಡ್ತೀಯ, ನೀನೇ ಬರಿ" ಅಂದರು ನಮ್ಮೆಜಮಾನರು. ಬರೆಯುತ್ತಿದ್ದೇನೆ. ನಾಯಕಿ ಬೃಹದ್ಬಾಣನ ಸೀಮೆಯವಳು, ಮಯೂರನಿಗೆ ಕೊಡುವ ಕಪ್ಪದ ಲೆಕ್ಕ ಇಡುವವಳು. ಮೂರು ಅಧ್ಯಾಯ ಆಯಿತು. ಅವನು ಎರಡು ಸಲ ಕತ್ತಿ ಝಳಪಿಸಿ ಹೋಗಿದ್ದಾನೆ. ಇವಳಿನ್ನೂ ಓಲೆಗರಿಯಿಂದ ತಲೆ ಎತ್ತಿಲ್ಲ.