ಗಂಜಿನ ತೊಗರಿ, ಹಾರ್ಡಿಸ್ಟಿಯ ಎಣ್ಣೆ

ಕಲಬುರಗಿಯ ನೆಹರೂ ಗಂಜಿನಲ್ಲಿ ಅಡತ್ ಅಂಗಡಿ ಇಟ್ಟಿರುವ ನನ್ನ ಹಳೆಯ ಸ್ನೇಹಿತರೊಬ್ಬರು ಕಳೆದ ವಾರ ಮೊಬೈಲನ್ನು ನನ್ನ ಮುಂದೆ ಹಿಡಿದು, "ಸಾಹೇಬ್ರ, ಟೀವ್ಯಾಗ ಎಣ್ಣಿ ರೇಟು ಏರ್ಯಾದ ಅಂತಾರ, ನನ್ನ ಶೇರು ಯಾಕ ಏರವಲ್ದು?" ಎಂದು ಕೇಳಿದರು. ಅವರ ಮಗ ಕೊಂಡುಕೊಟ್ಟಿರುವುದು ಕೆನಡಾದಲ್ಲಿ ಭಾರ ಕಚ್ಚಾ ತೈಲ ತೆಗೆಯುವ ಕಂಪನಿಯೊಂದರ ಷೇರು. ನಾನು ಉತ್ತರಿಸುವ ಮೊದಲೇ ಅವರು ಆಳಂದದ ಕಡೆಯಿಂದ ಬಂದಿದ್ದ ಚೀಲದಿಂದ ನಾಲ್ಕು ತೊಗರಿ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು, ಇನ್ನೂ ಹಸಿ ಇದೆಯೆಂದು ದರ ಇಳಿಸಿದರು. ಅದರ ಮೇಲೆ ಹಮಾಲಿ, ತೂಕದ ಕೂಲಿ, ಟೆಂಪೊ ಬಾಡಿಗೆ ಕಳೆದರೆ ರೈತನ ಕೈಗೆ ಬರುವ ಮೊತ್ತವೇ ಬೇರೆ. ಅವರ ಪ್ರಶ್ನೆಗೆ ಉತ್ತರ ಅವರ ಬಾಯಲ್ಲೇ ಇತ್ತು.

ಟೀವಿಯಲ್ಲಿ ತೋರಿಸುವುದು ಬ್ರೆಂಟ್ ಅಥವಾ ಅಮೆರಿಕದ ಡಬ್ಲ್ಯುಟಿಐ ಎಂಬ ಹಗುರ ತೈಲದ ದರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಭಾರ ತೈಲಕ್ಕೆ ವೆಸ್ಟರ್ನ್ ಕೆನಡಿಯನ್ ಸೆಲೆಕ್ಟ್ ಎಂಬ ಪ್ರತ್ಯೇಕ ದರವಿದ್ದು, ಅದು ಹಾರ್ಡಿಸ್ಟಿ ಎಂಬ ಊರಿನ ಸಂಗ್ರಹಾಗಾರಗಳಲ್ಲಿ ನಿಗದಿಯಾಗುತ್ತದೆ. ಗಂಧಕ ಹೆಚ್ಚಿರುವ, ಸಂಸ್ಕರಿಸಲು ಕಷ್ಟವಾದ ಈ ತೈಲಕ್ಕೆ ಹಗುರ ತೈಲದ ದರದಿಂದ ಸದಾ ಕಡಿತವಿರುತ್ತದೆ. ಆ ಕಡಿತದಲ್ಲಿ ಒಂದು ಪಾಲು ಗುಣಮಟ್ಟದ್ದು, ಇನ್ನೊಂದು ಪಾಲು ದೂರದ್ದು. ಮೊದಲನೆಯದು ಸುಲಭವಾಗಿ ಹೋಗುವಂಥದ್ದಲ್ಲ. ಎರಡನೆಯದು ಕೊಳವೆ ಮಾರ್ಗದಲ್ಲಿ ಜಾಗ ಇದೆಯೇ ಎಂಬುದನ್ನು ಅವಲಂಬಿಸಿ ಹಿಗ್ಗುತ್ತದೆ, ಕುಗ್ಗುತ್ತದೆ.

2018ರ ಕೊನೆಯಲ್ಲಿ ಕೊಳವೆಗಳು ತುಂಬಿ, ರೈಲಿನ ದುಬಾರಿ ಬಾಡಿಗೆಯೊಂದೇ ಗತಿಯಾದಾಗ ಈ ಕಡಿತ ಬ್ಯಾರೆಲ್ಲಿಗೆ 40 ಡಾಲರು ದಾಟಿತ್ತು. ಕೊನೆಗೆ ಆಲ್ಬರ್ಟಾ ಸರ್ಕಾರವೇ 2019ರ ಜನವರಿಯಿಂದ ದಿನಕ್ಕೆ 3,25,000 ಬ್ಯಾರೆಲ್ ಉತ್ಪಾದನೆ ಇಳಿಸುವಂತೆ ಆದೇಶಿಸಬೇಕಾಯಿತು. 2024ರ ಮೇ ತಿಂಗಳಲ್ಲಿ ವಿಸ್ತರಿತ ಟ್ರಾನ್ಸ್ ಮೌಂಟನ್ ಕೊಳವೆ ಮಾರ್ಗ ಶುರುವಾಗಿ, ಪೆಸಿಫಿಕ್ ತೀರಕ್ಕೆ ದಿನಕ್ಕೆ 8,90,000 ಬ್ಯಾರೆಲ್ ಸಾಗಿಸುವ ಸಾಮರ್ಥ್ಯ ಬಂದ ಮೇಲೆ ಕಡಿತ ಕುಗ್ಗಿತು. ಆದರೆ ಕಾಮಗಾರಿಯ ಖರ್ಚು ಏರಿದಂತೆ ಕೊಳವೆಯ ಬಾಡಿಗೆಯೂ ಏರಿದ್ದನ್ನು ಸಂಭ್ರಮಿಸಿದವರು ಅಷ್ಟಾಗಿ ಹೇಳಲಿಲ್ಲ.

ಹೊಸ ಹೂಡಿಕೆದಾರರು ಗಮನಿಸದ ಖರ್ಚು ಇನ್ನೊಂದಿದೆ. ಅಲ್ಲಿ ನೆಲದಿಂದ ತೆಗೆಯುವ ಬಿಟುಮೆನ್ ಎಂಬ ಗಟ್ಟಿ ತೈಲ, ನಮ್ಮ ರಸ್ತೆಯ ಡಾಂಬರಿನಂತೆ, ತಾನಾಗಿ ಹರಿಯುವುದಿಲ್ಲ. ಹತ್ತು ಪಾಲು ಮಿಶ್ರಣದಲ್ಲಿ ಸುಮಾರು ಮೂರು ಪಾಲು ಕಂಡೆನ್ಸೇಟ್ ಎಂಬ ತೆಳುವಾದ, ದುಬಾರಿ ದ್ರವ ಬೆರೆಸಬೇಕು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ದುಬಾರಿ ದರಕ್ಕೆ ಕೊಂಡ ಈ ದ್ರವವನ್ನು ಭಾರ ತೈಲದ ದರಕ್ಕೆ ಮಾರಬೇಕು, ಸಾಲದ್ದಕ್ಕೆ ಅದಕ್ಕೂ ಕೊಳವೆಯ ಬಾಡಿಗೆ ತೆರಬೇಕು. ನಮ್ಮ ದೇಶದಲ್ಲಿಯೂ ರಾಜಸ್ಥಾನದ ಬಾರ್ಮೇರಿನ ಮಂಗಲಾ ನಿಕ್ಷೇಪದ ತೈಲ ಮೇಣದಂತೆ ಗಟ್ಟಿಯಾಗುವುದರಿಂದ, ಗುಜರಾತಿನವರೆಗೆ ಕೊಳವೆಯ ಉದ್ದಕ್ಕೂ ಬಿಸಿ ಮಾಡಿಕೊಂಡೇ ಸಾಗಿಸುತ್ತಾರೆ.

ಲೆಕ್ಕಕ್ಕೆಂದು ಹೇಳುವುದಾದರೆ, ಹಗುರ ತೈಲ 70 ಡಾಲರು, ಕಡಿತ ಮತ್ತು ಸಾಗಣೆ 25, ತೆಗೆಯುವ ಖರ್ಚು 35 ಎಂದಾದರೆ ಉಳಿಯುವುದು 10. ಕಡಿತ ಹತ್ತು ಡಾಲರು ಇಳಿದರೆ, ಟೀವಿಯ ದರ ಅಲುಗಾಡದಿದ್ದರೂ ಲಾಭ ಇಮ್ಮಡಿ. ಹತ್ತು ಏರಿದರೆ ಸೊನ್ನೆ. ಇದೇ ಕಡಿತ, ಭಾರ ತೈಲವನ್ನು ಒಡೆದು ಡೀಸೆಲ್ ಮತ್ತು ಪೆಟ್‌ಕೋಕ್ ಎಂಬ ಕಲ್ಲಿದ್ದಲಿನಂಥ ಇಂಧನ ಮಾಡಬಲ್ಲ ಜಾಮ್‌ನಗರದಂಥ ಸಂಸ್ಕರಣಾಗಾರಕ್ಕೆ ಲಾಭ. ಆದ್ದರಿಂದ ಎಣ್ಣೆಯ ಷೇರು ಎಂದು ಒಟ್ಟಾರೆ ಮಾತಾಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ತೊಗರಿ ಬೆಳೆದವನೂ ದಾಲ್ ಮಿಲ್ಲಿನವನೂ ಒಂದೇ ದರಕ್ಕೆ ನಗುವುದನ್ನು ನಾವು ಎಲ್ಲಿ ಕಂಡಿದ್ದೇವೆ?

ಷೇರು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ನಾನು ಸ್ನೇಹಿತರಿಗೆ ಹೇಳಲಿಲ್ಲ. ಕಂಪನಿಯ ವರದಿಯಲ್ಲಿ ಬ್ಯಾರೆಲ್ಲಿಗೆ ಕೈಗೆ ಸಿಕ್ಕ ದರ ಎಷ್ಟು, ಅದು ಹಾರ್ಡಿಸ್ಟಿಯ ಲೆಕ್ಕವೋ ತೈಲ ಹೋಗಿ ತಲುಪುವ ಅಮೆರಿಕದ ಗಲ್ಫ್ ತೀರದ ಲೆಕ್ಕವೋ, ಕೊಳವೆಯಲ್ಲಿ ಕಾಯಂ ಜಾಗ ಎಷ್ಟು ಕಾದಿರಿಸಿದೆ ಎಂಬುದನ್ನು ಮಗನಿಂದ ಓದಿಸಿಕೊಳ್ಳಿ ಎಂದೆ. ಹಾರ್ಡಿಸ್ಟಿಯ ದರದಲ್ಲಿ ದೂರದ ಕಡಿತ ಆಗಲೇ ಸೇರಿರುವುದರಿಂದ ಅದನ್ನು ಎರಡು ಸಲ ಕಳೆಯಬಾರದು ಎಂದೂ ಹೇಳಿದೆ. ಅವರು ಪಟ್ಟಿ ಬರೆಯುತ್ತಲೇ, "ಅಂದ್ರ ಟೆಂಪೊ ಬಾಡಿಗಿ ಯಾರ ಮ್ಯಾಲ ಅಂತ ನೋಡಬೇಕು" ಎಂದರು.