ರಸ್ತೆ ಬದಿಯ ಆ ಕ್ವಾಟ್ರೊ ಗ್ರೂಪ್ ಬಿ ಕಾರಲ್ಲ

ರಸ್ತೆ ಬದಿಯಲ್ಲಿ ನಿಂತ ಬಿಳಿ ಆಡಿ ಕ್ವಾಟ್ರೊ ಕಾರೊಂದರ ಚಿತ್ರ ಎಲ್ಲ ಕಡೆ ಓಡಾಡುತ್ತಿದೆ. ‘ಬರೀ 200 ತಯಾರಾದ ಗ್ರೂಪ್ ಬಿ ರ‍್ಯಾಲಿ ಕಾರು ಅಚಾನಕ್ಕಾಗಿ ಕಣ್ಣಿಗೆ ಬಿತ್ತು’ ಎಂದು ಅದರ ಜೊತೆ ಬರೆದಿದ್ದಾರೆ. ಗ್ರೂಪ್ ಬಿ ಅಂದರೆ 1980ರ ದಶಕದಲ್ಲಿದ್ದ ರ‍್ಯಾಲಿ ಕಾರುಗಳ ಒಂದು ವರ್ಗ. ಆದರೆ ಆ ಬರಹ ಸರಿಯಲ್ಲ. ಚಿತ್ರದಲ್ಲಿರುವುದು 1980ರಿಂದ 1991ರವರೆಗೆ ಬಂದ ಮಾಮೂಲಿ ಕ್ವಾಟ್ರೊ. ಅಂಥವು 11,000ಕ್ಕೂ ಜಾಸ್ತಿ ತಯಾರಾಗಿವೆ.

200ರ ಲೆಕ್ಕ ಸ್ಪೋರ್ಟ್ ಕ್ವಾಟ್ರೊದ್ದು, ಅಂದರೆ ಗ್ರೂಪ್ ಬಿಗಾಗಿಯೇ ಮಾಡಿದ ಮೊಟಕು ಕ್ವಾಟ್ರೊದ್ದು. ಗ್ರೂಪ್ ಬಿ ನಿಯಮದಂತೆ ಕನಿಷ್ಠ ಅಷ್ಟು ಕಾರು ಮಾಡಲೇಬೇಕಿತ್ತು. ಆಡಿ ಅದಕ್ಕಿಂತ ಸ್ವಲ್ಪವೇ ಜಾಸ್ತಿ ಮಾಡಿತು. ಗುರುತಿಸುವುದು ಕಷ್ಟವೇನಲ್ಲ, ಪಕ್ಕದಿಂದ ನೋಡಿ. ಸ್ಪೋರ್ಟ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 32 ಸೆಂಟಿಮೀಟರ್ ಕಡಿಮೆ. ಬಾಗಿಲು ಮುಗಿಯುತ್ತಿದ್ದಂತೆ ಹಿಂದಿನ ಚಕ್ರ ಬಂದುಬಿಡುತ್ತದೆ. ಕಾರು ಮೊಟಕಾಗಿ ಕಾಣುತ್ತದೆ. ಮುಂದಿನ ಗಾಜೂ ಹೆಚ್ಚು ನೆಟ್ಟಗಿರುತ್ತದೆ. ಈ ಚಿತ್ರದಲ್ಲಿ ಹಿಂಬದಿ ಕಿಟಕಿ ಉದ್ದವಾಗಿದೆ, ಮುಂದಿನ ಗಾಜು ಚೆನ್ನಾಗಿ ವಾಲಿದೆ. ಇನ್ನು ಬಣ್ಣದ ಪಟ್ಟಿ, ನಂಬರಿನ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು, ಅಲ್ವಾ?

ಹಾಗಂತ ಇದು ಸುಮ್ನೆ ದಾಟಿ ಹೋಗುವಂಥ ಕಾರಲ್ಲ. ಟರ್ಬೊ ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಕೊಟ್ಟು ರ‍್ಯಾಲಿಯ ದಿಕ್ಕನ್ನೇ ಬದಲಿಸಿದ್ದು ಈ ಉದ್ದ ಕ್ವಾಟ್ರೊ. 1981ರಲ್ಲಿ ಇಟಲಿಯ ಸಾನ್‌ರೆಮೊದಲ್ಲಿ ಫ್ರಾನ್ಸಿನ ಚಾಲಕಿ ಮಿಷೆಲ್ ಮೂಟನ್ ಗೆದ್ದದ್ದು ಇದರ ರ‍್ಯಾಲಿ ರೂಪದಲ್ಲೇ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತೊಂದನ್ನು ಗೆದ್ದ ಮೊದಲ ಮಹಿಳೆ ಅವರು. ಚಿತ್ರ ತೆಗೆದವರು ಖುಷಿಪಟ್ಟದ್ದು ಸರಿಯಾಗಿಯೇ ಇದೆ. ಮುಂದೆ ಹಂಚುವವರು ‘ಗ್ರೂಪ್ ಬಿ’, ‘200’ ಎರಡನ್ನೂ ತೆಗೆದು ಹಂಚಿ.